ಪೂರ್ವಕ್ಕೆ ತಿರುಗಿದ ಮನೆ

ಡೀಸೆಲ್ ಹೊಗೆಯ ಜೊತೆ ಸೀದ ಹಾಲಿನ ವಾಸನೆ ಸೇರಿದರೆ ಈಗಲೂ ನನ್ನ ಕಾಲ ಕೆಳಗೆ ನೆಲ ಮೆಲ್ಲಗೆ ಅಲುಗುತ್ತದೆ. ಮೊನ್ನೆ ರೇನರ್ಸ್ ಲೇನಿನ ಹೋಟೆಲೊಂದರ ಹಿಂಬಾಗಿಲಲ್ಲಿ ಸಾಮಾನಿನ ವ್ಯಾನು ನಿಂತಿದ್ದಾಗ ಹಾಗೆಯೇ ಆಯಿತು. ನಿಮಗೂ ಯಾರದೋ ಒಂದು ಮನೆ ಹೀಗೆ ವಾಸನೆಯಲ್ಲಷ್ಟೇ ಉಳಿದಿರಬಹುದು. ನನಗೆ ಉಳಿದಿರುವುದು ಅಪ್ಪನ ತಂಗಿ ಸುಧಾ ಅತ್ಯಾಳದು. ತೊಂಬತ್ತರ ದಶಕದ ಕೊನೆ, ಸ್ಟ್ರಾಟ್‌ಫರ್ಡಿನ ಹತ್ತಿರದ ಕಾಲುವೆ, ಅವಳ ಗೃಹಪ್ರವೇಶ. ಮನೆ ಎಂದರೆ ರೈಲಿನ ಬೋಗಿಯಂತೆ ಉದ್ದಕ್ಕೆ ಇಕ್ಕಟ್ಟಾಗಿದ್ದ ಹಸಿರು ದೋಣಿ. ಒಳಗೆ ಹಾಸಿಗೆ, ಒಲೆ, ಪುಸ್ತಕದ ಕಪಾಟು. ಕಿಟಕಿಯ ಮಟ್ಟಕ್ಕೇ ಈಜುವ ಬಾತುಕೋಳಿಗಳು. ಇಂಥದ್ದು ಸಿಗುವಾಗ ಜನ ಇಟ್ಟಿಗೆಯ ಮನೆಯಲ್ಲಿ ಏಕಿರುತ್ತಾರೆಂದು ಬೆರಗಾಗಿ, ಒಂಬತ್ತು ವರ್ಷದ ನಾನು ಈ ತುದಿಯಿಂದ ಆ ತುದಿಗೆ ಓಡುತ್ತಲೇ ಇದ್ದೆ.

ಅಪ್ಪ ಮಾತ್ರ ದಂಡೆಯ ಮೇಲೇ ನಿಂತಿದ್ದರು. ಗಂಡನನ್ನು ಬಿಟ್ಟು ಬಂದ ತಂಗಿ, ಸ್ಟ್ಯಾನ್ಮೋರಿನ ನಮ್ಮ ಮನೆಯ ಕೋಣೆ ಬೇಡವೆಂದು ಇದನ್ನು ಕೊಂಡದ್ದು ಅವರಿಗೆ ಹಿಡಿಸಿರಲಿಲ್ಲ. “ನೆಲಾ ಇಲ್ಲದ್ದಕ್ಕ ಮನಿ ಅಂತಾರೇನು? ದೋಣಿ ಅದು. ನಾ ಇಲ್ಲೇ ನಿಂದರ್ತೀನಿ.”

“ನೀ ಒಳಗ ಬಂದ್ರ ಮನಿ ಆಗ್ತದ ಅಣ್ಣಾ. ಇಲ್ಲಾಂದ್ರ ದೋಣೀನ,” ಎಂದಳು ಅತ್ಯಾ. ನಗುತ್ತಲೇ ಹೇಳಿದಳು, ಆದರೆ ಹೇಳಿದ ಮೇಲೂ ಅವಳ ಕಣ್ಣು ಬಾಗಿಲು ಬಿಟ್ಟು ಕದಲಲಿಲ್ಲ.

ಅಷ್ಟರಲ್ಲಿ, ಗೃಹಪ್ರವೇಶಕ್ಕೆಂದೇ ಧಾರವಾಡದಿಂದ ವಿಮಾನ ಹತ್ತಿ ಬಂದಿದ್ದ ಅಜ್ಜಿ ತಕರಾರು ತೆಗೆದಳು. ಒಲೆಯ ಮುಂದೆ ನಿಂತರೆ ಮುಖ ಪಶ್ಚಿಮಕ್ಕಾಗುತ್ತಿತ್ತು. “ಹಿಂಗ ನಿಂತು ಹಾಲು ಉಕ್ಕಿಸಿದ್ರ ಏನ್ ಶುಭ ಆಗ್ತದ?”

“ಒಲಿ ತಿರಗಸ್ಲಿಕ್ಕೆ ಆಗೂದಿಲ್ಲ ಅವ್ವಾ. ತಡಿ, ಮನೀನ ತಿರಗಸ್ತೀನಿ.”

ಇಂಜಿನ್ನು ಗುಡುಗಿತು. ಸ್ವಲ್ಪ ಮುಂದೆ ಕಾಲುವೆ ಅಗಲವಾಗುವಲ್ಲಿ ದೋಣಿಯ ಮೂತಿಯನ್ನು ಎದುರು ದಂಡೆಗೆ ಆನಿಸಿ, ಅತ್ಯಾ ಹಿಂಭಾಗವನ್ನು ಸುತ್ತಿ ತರತೊಡಗಿದಳು. ಕಿಟಕಿಯಲ್ಲಿ ಮರ, ಸೇತುವೆ, ಗೋದಾಮು, ನಮ್ಮ ಜೊತೆ ದಂಡೆಯಗುಂಟ ನಡೆದು ಬಂದಿದ್ದ ಅಪ್ಪ, ಎಲ್ಲವೂ ಸುತ್ತುತ್ತಿದ್ದವು. ನಾನು ಕೇಕೆ ಹಾಕುತ್ತಿದ್ದೆ. ಅರ್ಧ ತಿರುಗುವಷ್ಟರಲ್ಲಿ ಗಾಳಿ ಅಡ್ಡ ಹೊಡೆದು ದೋಣಿ ಅಲ್ಲೇ ನಿಂತಿತು. ಅತ್ಯಾ ಹಗ್ಗ ಎಸೆದಳು. “ಅಣ್ಣಾ, ಜಗ್ಗು.” ಅಪ್ಪ ಕೋಟು ಕಳಚಿ, ಹಿಮ್ಮಡಿ ಊರಿ, ತಂಗಿಯ ಮನೆಯನ್ನು ಇಷ್ಟಿಷ್ಟೇ ಎಳೆದು ದಂಡೆಗೆ ತಂದರು. ಅಷ್ಟು ಹೊತ್ತಿಗೆ ಅಜ್ಜಿ ಒಲೆ ಹಚ್ಚಿಯಾಗಿತ್ತು. “ಬಾರೋ, ಹಾಲು ಉಕ್ಕಲಿಕ್ಕೆ ಹತ್ತೇದ.” ಹಗ್ಗ ಹಿಡಿದುಕೊಂಡೇ ಅಪ್ಪ ಒಳಗೆ ಕಾಲಿಟ್ಟರು. ಅವರ ಭಾರಕ್ಕೆ ಮನೆಯೇ ಆ ಕಡೆ ಬಾಗಿತು. ಹಾಲು ಪೂರ್ವಕ್ಕೆ ಸುರಿಯಿತು.

ಸುರಿಯಿತೇ? ಪೂರ್ವ ಆ ಕಡೆಗೇ ಇತ್ತೇ? ನಕ್ಷೆ ತೆಗೆದು ನೋಡಬಹುದು, ಇದುವರೆಗೆ ನೋಡಿಲ್ಲ. ಅತ್ಯಾ ಅಪ್ಪನ ತೋಳು ಹಿಡಿದು ಅತ್ತದ್ದು ನಾನು ಕಂಡದ್ದೋ, ಅಜ್ಜಿ ಹೇಳಿ ಹೇಳಿ ನನ್ನದಾದದ್ದೋ ತಿಳಿಯದು. ಅಪ್ಪನ ಕೆಸರು ಬೂಟು ಮಾತ್ರ ನನ್ನದೇ ನೆನಪು.

ಅಜ್ಜಿ ತೀರಿಕೊಂಡಳು, ಕೆಲವು ವರ್ಷಗಳಲ್ಲಿ ಅತ್ಯಾ ಕೂಡ. ದೋಣಿ ಕೊಂಡವರು ಬೇರೆ ಬಣ್ಣ ಬಳಿದು ಅದನ್ನು ಎಲ್ಲಿಗೋ ಒಯ್ದರು. ಆ ಬೇಸಿಗೆ ಅಪ್ಪ ನನ್ನನ್ನು ಕಾಲುವೆಗೆ ಕರೆದೊಯ್ದು, ದಂಡೆಯ ತುದಿಯಲ್ಲಿ ನಿಂತು ಕೈ ಚಾಚಿದರು. “ಇಲ್ಲೇ ನೋಡು, ನಮ್ಮ ಸುಧಾನ ಮನಿ.” ಅಲ್ಲಿ ಬರಿಯ ನೀರಿತ್ತು. ಅಪ್ಪ ಬಹಳ ಹೊತ್ತು ಕೈ ಇಳಿಸಲಿಲ್ಲ.