ಬೀಡಿ ತಟ್ಟೆ ಹಿಡಿದ ನಾಲ್ಕನೇ ದಿನ

ಕಳೆದ ವರ್ಷ ಮಾಘ ಮಾಸದ ಒಂದು ಭಾನುವಾರ. ಅಣ್ಣನ ಮಗಳನ್ನು ಒಪ್ಪಿಕೊಂಡು ಹೋಗಲು ತಳಿ ಊರಿನ ಕಡೆಯಿಂದ ಗಂಡಿನವರು ಉದ್ದನಪಲ್ಲಿಯ ನಮ್ಮ ಮನೆಗೆ ಬರುವವರಿದ್ದರು. ಮನೆಯವರಿಗೆಲ್ಲ ಅದು ಸಂಭ್ರಮದ ದಿನ. ನನಗೆ ಮಾತ್ರ ಬೀಡಿ ಬಿಟ್ಟ ನಾಲ್ಕನೇ ದಿನ.

ನಾನು ಹೊಸೂರಿನ ಕಾರ್ಖಾನೆಯೊಂದರಲ್ಲಿ ಮೆಷಿನ್ ಆಪರೇಟರ್. ಇಪ್ಪತ್ತೆರಡು ವರ್ಷ ಬೀಡಿ ಸೇದಿದವನು. ಕೆಮ್ಮು ಹೆಚ್ಚಾಗಿ, ನಾಲ್ಕು ಮೆಟ್ಟಿಲು ಹತ್ತಿದರೂ ಏದುಸಿರು ಬರತೊಡಗಿತ್ತು. ಡಾಕ್ಟರು ಎಕ್ಸ್‌ರೇ ನೋಡಿ, ಇನ್ನೂ ಕೈ ಮೀರಿಲ್ಲ, ಆದರೆ ಇವತ್ತೇ ಬಿಡಬೇಕು ಎಂದು ತಮಿಳಿನಲ್ಲಿ ಖಡಾಖಂಡಿತವಾಗಿ ಹೇಳಿದ್ದರು. ಹಿಂದೆ ಎರಡು ಸಲ ಬಿಟ್ಟಿದ್ದೆ. ಎರಡು ಸಲವೂ ನಾಲ್ಕನೇ ದಿನವೇ ಮತ್ತೆ ಹಚ್ಚಿದ್ದೆ. ಹಾಗಾಗಿ ಅವತ್ತು ಏಳುವಾಗಲೇ ದಿಗಿಲು. ಕೂತರೆ ನಿಲ್ಲಬೇಕು, ನಿಂತರೆ ನಡೆಯಬೇಕು. ಹೆಂಡತಿ ಕೊಟ್ಟ ಕಾಫಿ ಬಿಸಿಯಿಲ್ಲ ಎಂದು ರೇಗಿದೆ. ನಾಲಿಗೆ ಸುಟ್ಟಿದ್ದು ಆಮೇಲೆ ಗೊತ್ತಾಯಿತು.

ನಮ್ಮ ಮನೆಗಳಲ್ಲಿ ಇಂಥ ದಿನ ನೆಂಟರು ಚಾಪೆಯ ಮೇಲೆ ಕೂತೊಡನೆ ತಟ್ಟೆ ಬರಬೇಕು. ಎಲೆ, ಅಡಿಕೆ, ಸುಣ್ಣ, ಜೊತೆಗೆ ಒಂದು ಕಟ್ಟು ಬೀಡಿ, ಬೆಂಕಿಪೊಟ್ಟಣ. ಹೆಣ್ಣಿನ ಚಿಕ್ಕಪ್ಪ ಅದನ್ನು ಹಿಡಿದು ಒಬ್ಬೊಬ್ಬರ ಮುಂದೆಯೂ ಬಗ್ಗಬೇಕು. ಇದ್ದ ಚಿಕ್ಕಪ್ಪ ನಾನೊಬ್ಬನೇ. ಬೀಡಿ ಬಿಟ್ಟ ವಿಷಯ ಅಣ್ಣನಿಗೆ ಹೇಳಿರಲಿಲ್ಲ. ಎರಡು ಸಲ ಹೇಳಿ ನಗೆಪಾಟಲಾದದ್ದು ಸಾಕಾಗಿತ್ತು.

ಬಗ್ಗಿದಾಗಲೆಲ್ಲ ವಾಸನೆ ನೇರ ಮೂಗಿಗೆ ಬಡಿಯುತ್ತಿತ್ತು. ಗಂಡಿನ ಸೋದರಮಾವ ತಾನೊಂದು ಬೀಡಿ ತೆಗೆದುಕೊಂಡು, ಇನ್ನೊಂದನ್ನು ನನ್ನತ್ತ ಚಾಚಿದರು.

"ತಗಳ್ಳಿ ಬೀಗ್ರೇ. ಮನೆಯವ್ರು ಹಚ್ದೆ ನಾವೆಂಗೆ ಹಚ್ಚಾದು?"

"ಬ್ಯಾಡಿ, ನೀವು ಹಚ್ಚಿ."

"ಅದೆಂಗಾಯ್ತದೆ? ಸಂಬಂಧ ಬೇಕೋ ಬ್ಯಾಡ್ವೋ?"

ಅವರು ತಮಾಷೆಗೆ ಅಂದದ್ದು. ಆದರೂ ಅಣ್ಣನ ಮುಖ ಬಿಗಿಯಿತು. "ತಗಳ್ಲಾ, ಏನಾಗದೆ ನಿಂಗೆ?" ಎಂದು ಗೊಣಗಿದ. ನಿಜ ಹೇಳಬೇಕೆಂದರೆ ನನಗೆ ಬೇಕಾಗಿದ್ದದ್ದೂ ಅಂಥದೊಂದು ನೆಪವೇ. ಬೀಡಿ ತುಟಿಗಿಟ್ಟು ಕಡ್ಡಿ ಗೀರಿದೆ. ಬೀಡಿಗೆ ತಾಗುವ ಮೊದಲೇ ಆರಿತು. ಇನ್ನೊಂದು ಗೀರಿದೆ, ಅದೂ ಆರಿತು.

ಗೋಡೆಗೊರಗಿ ಕೂತಿದ್ದ ಗಂಡಿನ ತಾತ ಎದ್ದು ಬಂದರು. ಹಚ್ಚಿಕೊಡಲು ಬಂದರೇನೋ ಅಂದುಕೊಂಡೆ. ಅವರು ಬೆಂಕಿಪೊಟ್ಟಣ ಕಿತ್ತುಕೊಂಡು ತಮ್ಮ ಜೇಬಿಗೆ ಹಾಕಿಕೊಂಡರು. "ಈವಪ್ಪನ ಹೂವಿನ ತೋಟ ನೋಡ್ಕಂಡ್ ಬತ್ತೀನಿ, ನೀವು ಮಾತಾಡ್ತಿರಿ" ಎಂದು ನನ್ನ ತೋಳು ಹಿಡಿದು ಹೊರಗೆ ಕರೆತಂದರು.

"ಎಷ್ಟು ದಿನ ಆಯ್ತಪ್ಪಾ ಬಿಟ್ಟು?"

"ನಾಕು. ನಿಮ್ಗೆಂಗೆ ಗೊತ್ತಾಯ್ತು ತಾತ?"

"ತಟ್ಟೆ ಮುಂದುಕ್ಕೆ, ಮುಖ ಆಚೀಕೆ ಮಾಡ್ಕಂಡು ನಡೀತಿದ್ಯಲ್ಲ. ನಾನೂ ಬಿಟ್ಟೋನೇ ಕಣಪ್ಪಾ. ಆ ಚಪಲ ಒಂದು ಬೀಡಿ ಉರಿಯೋಗಂಟ ಇರ್ತದೆ, ಅಷ್ಟೇಯ. ಅಷ್ಟೊತ್ತು ನಡಿ. ಬಾಯಿಗೊಂದು ಕೆಲ್ಸ ಕೊಡು, ಮಾತಾಡು."

ಮನೆ ಹಿಂದೆ ನಾನು ಬೆಳೆದಿದ್ದ ಸೇವಂತಿಗೆ ಸಾಲುಗಳ ನಡುವೆ ನಡೆಸುತ್ತಾ ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದರು. ಸಸಿ ಎಲ್ಲಿಯದು, ನೀರು ಎಷ್ಟು ದಿನಕ್ಕೊಮ್ಮೆ, ಹುಳ ಬಿದ್ದಾಗ ಏನು ಹೊಡೆದೆ. ಮೊದಮೊದಲು ಸಿಡುಕಿಕೊಂಡೇ ಉತ್ತರ ಕೊಟ್ಟೆ. ಡ್ರಿಪ್ ಪೈಪು ಕಟ್ಟಿಕೊಂಡಿದ್ದ ಕಡೆ ತೋರಿಸಲು ಕೈಯಲ್ಲಿದ್ದ ಬೀಡಿ ಕೆಳಗಿಟ್ಟು ಪೈಪು ಎತ್ತಿದೆ. ಅದನ್ನು ಬಿಚ್ಚಿ, ಊದಿ, ಮತ್ತೆ ಸಿಕ್ಕಿಸಿ, ಪೈಪು ಮಾರಿದವನಿಗೆ ಬೈಯುತ್ತಾ ಮುಂದಿನ ಸಾಲಿಗೆ ಹೋದೆ.

"ಹೋಯ್ತಾ?" ಎಂದರು ತಾತ.

"ಏನು ತಾತ?" ಎಂದೆ.

ಅವರು ನಕ್ಕುಬಿಟ್ಟರು. "ಮತ್ತೆ ಬತ್ತದೆ. ಬಂದಾಗ ಮತ್ತೆ ನಡಿ."

ಬಂತು. ಅವತ್ತು ಸಂಜೆಯೊಳಗೇ ಆರೇಳು ಸಲ ಬಂತು. ನಾನು ನಡೆದೆ. ಅತ್ತ ಸಂಬಂಧವೂ ಕುದುರಿತು. ತಾತ ಹಟ ಹಿಡಿದು ಮದುವೆಯ ತಟ್ಟೆಯಲ್ಲಿ ಬರೀ ಎಲೆ ಅಡಿಕೆ ಇಡಿಸಿದರು. ವರ್ಷ ಕಳೆದಿದ್ದರೂ ಟೀ ಹೊತ್ತಿಗೆ ಈಗಲೂ ನನ್ನ ಕಾಲು ನಿಂತಲ್ಲಿ ನಿಲ್ಲುವುದಿಲ್ಲ. ಆ ತಾತನ ಉಪಕಾರ ಮಾತ್ರ ನಾನು ಮರೆಯುವಂಥದ್ದಲ್ಲ.

ಹೋದ ತಿಂಗಳು ನಮ್ಮ ಲೈನಿನಲ್ಲಿ ಕೆಲಸ ಮಾಡುವ ನಾಟ್ರಾಂಪಾಳ್ಯದವನೊಬ್ಬ ಸಿಗರೇಟು ಬಿಟ್ಟ. ಮೂರನೇ ದಿನ ಟೀ ಅಂಗಡಿ ಮುಂದೆ, ಸೇದುವವರ ಕಡೆಗೆ ಬೆನ್ನು ಹಾಕಿ ಉಗುರು ಕಚ್ಚುತ್ತಾ ನಿಂತಿದ್ದ. ಹೋಗಿ ತೋಳು ಹಿಡಿದೆ. "ಬಾ, ನಿಮ್ಮೂರಾಗೆ ಏನೇನು ಬೆಳೀತೀರಿ, ಹೇಳು" ಎಂದು ನಡೆಸಿಕೊಂಡು ಹೊರಟೆ. "ಸುಮ್ಕೆ ಬಿಡಣ್ಣ" ಎಂದು ರೇಗಿದ. ನಾನು ಬಿಡಲಿಲ್ಲ. ರಾಗಿಯಿಂದ ಶುರುಮಾಡಿ, ಹೊಲಕ್ಕೆ ಆನೆ ನುಗ್ಗಿದ ಕಥೆಗೆ ಬರುವಷ್ಟರಲ್ಲಿ ಗೇಟಿನ ಬೆಲ್ ಹೊಡೆಯಿತು.

"ಹೋಯ್ತಾ?" ಎಂದೆ.

"ಏನಣ್ಣಾ?" ಎಂದ.