ಸಭೆ ಮುಂದಕ್ಕೆ ಹೋಗಿರಲಿಲ್ಲ

ರಾಜಣ್ಣ, ಮೈಸೂರಿನ ಆ ಸಭೆ ಮುಂದಕ್ಕೆ ಹೋಗಿರಲಿಲ್ಲ. ಹೋಗಿದೆ ಎಂದು ನಿನ್ನ ಟೈಲರ್ ಅಂಗಡಿಯ ಬಾಗಿಲಲ್ಲಿ ನಿಂತು ನಾನು ಹೇಳಿದ್ದು ಸುಳ್ಳು. ತಪ್ಪಾಗಿ ಕೇಳಿಸಿಕೊಂಡು ಹೇಳಿದ್ದಲ್ಲ, ಗಡಿಬಿಡಿಯಲ್ಲಿ ಹೇಳಿದ್ದೂ ಅಲ್ಲ — ಬೇಕೆಂದೇ ಹೇಳಿದ್ದು. ಆಮೇಲೆ ಊರೆಲ್ಲ ಸೇರಿ ನಿನ್ನನ್ನು ಕೇಳಿದಾಗ, ನೀನು ನನ್ನ ಕಡೆ ಕೈ ತೋರಿಸಿದಾಗ, "ನಾನು ಸರಿಯಾಗೇ ಹೇಳಿದ್ದೆ" ಎಂದೆನಲ್ಲ — ಅದು ಎರಡನೆಯ ಸುಳ್ಳು. ಮೊದಲನೆಯದನ್ನು ದಾಸೇಗೌಡರನ್ನು ಮುಗಿಸಲು ಹೇಳಿದೆ. ಎರಡನೆಯದು ನಿನ್ನನ್ನು ಮುಗಿಸಿತು.

ನಿನಗೆ ಗೊತ್ತಿರುವುದನ್ನೂ ಇಲ್ಲಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡ. ಇದನ್ನು ನೀನೊಬ್ಬ ಓದಿದರೆ ಸಾಲದು. ನಿನ್ನನ್ನು ಊರು ಬಿಡಿಸಿದವರೂ ಓದಬೇಕು. ಆಗ ಹುಟ್ಟಿರದ ಮಕ್ಕಳೂ ಓದಬೇಕು — ಅವರಿಗೂ ನಿನ್ನ ಹೆಸರು ಗೊತ್ತಿರುವುದು ಊರು ಮಾರಿದವನು ಎಂದೇ.

ನಮ್ಮ ಹೊಂಗೆಕೊಪ್ಪಲು ಗಾವಡಗೆರೆಗೂ ರಾವಂದೂರಿಗೂ ನಡುವೆ, ಹುಣಸೂರು ತಾಲ್ಲೂಕಿನ ಅಂಚಿನಲ್ಲಿದೆ. ನಮ್ಮ ಹೊಲದ ಬದು ದಾಟಿದರೆ ಪಿರಿಯಾಪಟ್ಟಣ ತಾಲ್ಲೂಕು. ಇನ್ನೊಂದು ದಿಕ್ಕಿಗೆ ಸ್ವಲ್ಪ ನಡೆದರೆ ಕೆ.ಆರ್. ನಗರದ ಸೀಮೆ. ಕಂದಾಯ, ಪಹಣಿ, ಕೋರ್ಟು ಎಲ್ಲಕ್ಕೂ ಹುಣಸೂರಿಗೇ ಹೋಗುತ್ತಿದ್ದೆವು. ಓಟಿನ ವಿಷಯ ಮಾತ್ರ ಹಾಗಿರಲಿಲ್ಲ. ನಮ್ಮಪ್ಪ ಮೊದಲ ಓಟು ಹಾಕಿದ್ದು ಒಂದು ಕ್ಷೇತ್ರಕ್ಕೆ, ನಡುವಯಸ್ಸಿನಲ್ಲಿ ಹಾಕಿದ್ದು ಇನ್ನೊಂದಕ್ಕೆ. "ನಾವು ಕುಂತಲ್ಲೇ ಕುಂತೀವಿ ಕಣವ್ವ, ನಮ್ ಓಟು ಮಾತ್ರ ಊರೂರು ತಿರುಗ್ತದೆ" ಎಂದು ನಗುತ್ತಿದ್ದ. ಗೆರೆ ಎಳೆಯುವವರು ಯಾರು, ಯಾಕೆ ಎಳೆಯುತ್ತಾರೆ ಎಂದು ಅವನು ಕೇಳಿದವನಲ್ಲ. ನಾವೂ ಕೇಳಲಿಲ್ಲ — ದಾಸೇಗೌಡರು ಕೇಳಿಸುವ ತನಕ.

ದಾಸೇಗೌಡರು ಪಕ್ಕದ ದೊಡ್ಡ ಹಳ್ಳಿಯವರು. ಜಿಲ್ಲಾ ಪಂಚಾಯಿತಿಗೆ ಗೆದ್ದವರು, ಮನೆ ಹುಣಸೂರು ಪೇಟೆಯಲ್ಲಿ. ಮುಂದಿನ ಕನಸು ಎಮ್ಮೆಲ್ಲೆ ಆಗುವುದು. ಅವರ ಬಲವೆಲ್ಲ ನಮ್ಮ ಸುತ್ತಿನ ನಾಲ್ಕಾರು ಹಳ್ಳಿಗಳು.

ಈಗ ಕುಮಾರನ ವಿಷಯ. ಅವನು ನನ್ನ ತಮ್ಮ. ನೀನು ಅವನಿಗೆ ಮೊದಲ ಪ್ಯಾಂಟು ಹೊಲಿದುಕೊಟ್ಟವನು, ಆದ್ದರಿಂದ ನಿನಗೆ ನೆನಪಿರುತ್ತದೆ. ದಾಸೇಗೌಡರು ಜಿಲ್ಲಾ ಪಂಚಾಯಿತಿಗೆ ನಿಂತಾಗ ಪೋಸ್ಟರ್ ಅಂಟಿಸಿದವನು ಅವನೇ, ಸೈಕಲ್ಲಿನಲ್ಲಿ ಹಳ್ಳಿ ಹಳ್ಳಿ ಸುತ್ತಿದವನೂ ಅವನೇ. ಓಟಿನ ದಿವಸ ಬೂತಿನ ಹತ್ತಿರ ಗಲಾಟೆಯಾಗಿ ಎದುರು ಪಾರ್ಟಿಯವನೊಬ್ಬನ ತಲೆ ಒಡೆಯಿತು. ಕುಮಾರ ಕೋಲು ಹಿಡಿದಿದ್ದು ನಿಜ. ಹಿಡಿಯಲು ಹೇಳಿದವರು ಗೌಡರ ಕಡೆಯವರು ಎಂಬುದೂ ನಿಜ. ಪೊಲೀಸರು ಅವನನ್ನು ಎಳೆದುಕೊಂಡು ಹೋದರು. ನಾನೂ ಅವ್ವನೂ ಸ್ಟೇಷನ್ನಿಗೆ ಓಡಿದೆವು. ಕುಮಾರ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ, ಮೈಮೇಲೆ ಬನಿಯನ್ ಮಾತ್ರ. ಅಷ್ಟರಲ್ಲಿ ದಾಸೇಗೌಡರು ಬಂದರು. ಅವನು ದೇವರು ಬಂದಂತೆ ಎದ್ದು ನಿಂತ. ಇನ್‌ಸ್ಪೆಕ್ಟರ್ ಕೇಳಿದರು — "ಇವನು ನಿಮ್ಮ ಹುಡುಗನಾ?"

ದಾಸೇಗೌಡರು ಅವನ ಮುಖವನ್ನು ನೋಡಿಯೇ ಹೇಳಿದರು — "ಯಾವನೋ ಕಣ್ರೀ. ನಂಗೊತ್ತಿಲ್ಲ."

ಕುಮಾರ ಮತ್ತೆ ಕೂತುಕೊಂಡ. ಆಮೇಲೆ ಜೈಲಿನಲ್ಲಿದ್ದಷ್ಟು ಕಾಲ, ಹೊರಗೆ ಬಂದ ಮೇಲೂ, ಅವನು ಯಾರ ಮುಖವನ್ನೂ ನೆಟ್ಟಗೆ ನೋಡಲಿಲ್ಲ. ಊರಿನಲ್ಲಿ ಇರಲಾರದೆ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದ. ಅಲ್ಲಿ ಕೂಲಿಯವರ ಲೈನ್‌ಮನೆಯಲ್ಲಿ ಜ್ವರ ಬಂದು ಸತ್ತ. ಅವನನ್ನು ನಮ್ಮ ಹೊಲದಲ್ಲಿ ಮಣ್ಣು ಮಾಡಿದ ದಿನ ದಾಸೇಗೌಡರ ಜೀಪು ಹೊಲದ ಪಕ್ಕದ ರಸ್ತೆಯಲ್ಲೇ ಹೋಯಿತು. ನಿಲ್ಲಲಿಲ್ಲ.

ಆ ದಿನದಿಂದ ನನ್ನೊಳಗೆ ಏನೋ ಕೂತಿತು, ರಾಜಣ್ಣ. ಅತ್ತು ಕಳೆದುಕೊಳ್ಳುವಂಥದ್ದಲ್ಲ. ನಾನು ಹಾಲಿನ ಡೈರಿಯ ಸೆಕ್ರೆಟರಿಯಾದೆ, ಗೌಡರು ಬಂದಾಗ ನಮಸ್ಕಾರ ಮಾಡಿದೆ, ಕಾಫಿ ಕೊಟ್ಟೆ, ಅವರ ಪರವಾಗಿ ಹೆಂಗಸರನ್ನು ಕೂಡಿಸಿದೆ. ನಗುತ್ತಲೇ ಕಾದೆ. ಏನಕ್ಕೆ ಕಾಯುತ್ತಿದ್ದೇನೆಂದು ನನಗೇ ತಿಳಿದಿರಲಿಲ್ಲ.

ಕ್ಷೇತ್ರಗಳನ್ನು ಹೊಸದಾಗಿ ವಿಂಗಡಿಸುತ್ತಾರೆ ಎಂಬ ಸುದ್ದಿ ಬಂದಾಗ ತಿಳಿಯಿತು. ನಮ್ಮ ಹಳ್ಳಿಗಳನ್ನು ಹುಣಸೂರಿನಿಂದ ತೆಗೆದು ಪಿರಿಯಾಪಟ್ಟಣ ಕ್ಷೇತ್ರಕ್ಕೆ ಹಾಕುವ ಪ್ರಸ್ತಾಪವಿತ್ತು. ಆಕ್ಷೇಪಣೆ ಇದ್ದವರು ಮೈಸೂರಿನ ಅಹವಾಲು ಸಭೆಗೆ ಬಂದು ಹೇಳಬಹುದಿತ್ತು. ದಾಸೇಗೌಡರು ಊರೂರು ಓಡಾಡಿದರು. ಈ ಹಳ್ಳಿಗಳು ಕೈಬಿಟ್ಟರೆ ಹುಣಸೂರಿನ ಟಿಕೆಟ್ ಕೇಳಲು ಅವರ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಊರಿನವರಿಗೂ ಅದು ಬೇಡವಾಗಿತ್ತು — ತಾಲ್ಲೂಕು ಒಂದು ಕಡೆ, ಎಮ್ಮೆಲ್ಲೆ ಇನ್ನೊಂದು ಕಡೆ ಆದರೆ ಯಾರ ಬಾಗಿಲು ಬಡಿಯುವುದು? ಸಭೆಯಲ್ಲಿ ಊರಿನ ಪರವಾಗಿ ಮಾತನಾಡಲು ನಿನ್ನನ್ನು ಆರಿಸಿದರು, ಸುತ್ತಿನ ಹಳ್ಳಿಗಳ ಜನರನ್ನು ಕರೆದೊಯ್ಯಲು ಲಾರಿ ಗೊತ್ತು ಮಾಡುವುದನ್ನೂ ನಿನಗೇ ಬಿಟ್ಟರು. ನಿನ್ನಷ್ಟು ಚೆನ್ನಾಗಿ ಮಾತನಾಡುವವರು ಊರಿನಲ್ಲಿ ಬೇರೆ ಯಾರಿದ್ದರು?

ಆಗ ನಮ್ಮ ಕಡೆ ಮೊಬೈಲಿಗೆ ಸಿಗ್ನಲ್ ಸಿಗುತ್ತಿರಲಿಲ್ಲ. ಊರಿಗೆಲ್ಲ ಇದ್ದದ್ದು ಡೈರಿಯ ಫೋನು. ಸಂಜೆ ಹಾಲು ಅಳೆಯುವ ಹೊತ್ತಿಗೆ ದಾಸೇಗೌಡರು ಮೈಸೂರಿನಿಂದ ಫೋನ್ ಮಾಡಿದರು — "ಜಯಮ್ಮ, ನಾಳೆ ಬೆಳಿಗ್ಗೇನೇ ನಮ್ಮ ಊರುಗಳನ್ನ ಕರೀತಾರಂತೆ ಕಣವ್ವ. ರಾಜಂಗೆ ಹೇಳು, ಲಾರೀಲಿ ಎಲ್ಲಾರ್ನೂ ಕರ್ಕಂಡು ಹೊತ್ತಿಗ್ಮುಂಚೆ ಬರ್ಲಿ. ನಂಬ್ಕಂಡಿದ್ದೀನಿ."

"ಆಯ್ತು ಗೌಡ್ರೇ" ಎಂದು ಫೋನ್ ಇಟ್ಟೆ.

ಡೈರಿಯಿಂದ ನಿನ್ನ ಅಂಗಡಿಗೆ ಎಷ್ಟು ದೂರ? ಆ ದಾರಿಯಲ್ಲಿ ನಾನು ಹೆಚ್ಚು ಯೋಚಿಸಲಿಲ್ಲ ಎಂದರೆ ನಂಬುತ್ತೀಯಾ? ಕೊರಳಿಗೆ ಟೇಪು ಹಾಕಿಕೊಂಡು ನೀನು ಮಿಷನ್ ಮುಂದೆ ಕೂತಿದ್ದೆ.

"ಸಭೆ ಮುಂದಕ್ಕೋಯ್ತಂತೆ ರಾಜಣ್ಣ. ಗೌಡ್ರು ಫೋನ್ ಮಾಡಿದ್ರು."

"ಅಂಗಾ? ಯಾವತ್ತಿಗಂತೆ?"

"ಆಮೇಲೆ ಹೇಳ್ತಾರಂತೆ."

"ಸರಿ ಬುಡು. ಲಾರಿಯೋನ್ಗೆ ಬ್ಯಾಡ ಅಂತೀನಿ" ಎಂದೆ ನೀನು. ಎದ್ದು ಚಪ್ಪಲಿ ಮೆಟ್ಟಿಕೊಂಡು ಹೋದೆ. ಅಷ್ಟೇ — ಅಷ್ಟು ಸುಲಭ.

ಮಾರನೆಯ ದಿನ ಸಭೆಯಲ್ಲಿ ನಮ್ಮ ಹಳ್ಳಿಗಳ ಹೆಸರು ಕರೆದಾಗ ಎದ್ದು ನಿಂತದ್ದು ದಾಸೇಗೌಡರೊಬ್ಬರೇ. "ಊರಿನೋರು ಯಾರೂ ಬಂದಿಲ್ವಲ್ರೀ" ಎಂದು ಸಭೆ ನಡೆಸುತ್ತಿದ್ದವರು ಕೇಳಿದರಂತೆ. ಗೌಡರು ಬಾಗಿಲ ಕಡೆ ನೋಡಿಯೇ ನೋಡಿದರಂತೆ. ನೀನು ಹೋಗಿ ಮಾತನಾಡಿದ್ದರೆ ಗೆರೆ ಬದಲಾಗುತ್ತಿತ್ತೋ ಇಲ್ಲವೋ, ನನಗೆ ಗೊತ್ತಿಲ್ಲ. ಬದಲಾಗುತ್ತಿರಲಿಲ್ಲ ಎಂದು ಎಷ್ಟೋ ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಆದರೆ ಬದಲಾಗಬಾರದು ಎಂದುಕೊಂಡೇ ಸುಳ್ಳು ಹೇಳಿದವಳಿಗೆ ಆ ಸಮಾಧಾನ ಎಲ್ಲಿಂದ ಬರಬೇಕು?

ಅವತ್ತೇ ದಾಸೇಗೌಡರು ಊರಿಗೆ ಬಂದರು. ಡೈರಿಯ ಮುಂದೆ ಜನ ಸೇರಿತು. ನೀನು ನಡೆದದ್ದನ್ನು ನಡೆದ ಹಾಗೆಯೇ ಹೇಳಿದೆ. ಎಲ್ಲರೂ ನನ್ನ ಕಡೆ ತಿರುಗಿದರು. ಅದು — ಅದು ನನಗೆ ಸಿಕ್ಕಿದ್ದ ಅವಕಾಶ, ರಾಜಣ್ಣ. "ಹೌದು, ನಾನೇ ಮಾಡಿದ್ದು, ಕುಮಾರನಿಗಾಗಿ ಮಾಡಿದ್ದು" ಎಂದು ಗೌಡರ ಮುಖಕ್ಕೆ ಹೊಡೆದಂತೆ ಹೇಳಬಹುದಿತ್ತು. ಹಗೆ ತೀರಿಸಿಕೊಳ್ಳುವ ಧೈರ್ಯವಿತ್ತು, ತೀರಿಸಿಕೊಂಡೆ ಎನ್ನುವ ಧೈರ್ಯವಿರಲಿಲ್ಲ. "ನಾನು ಸರಿಯಾಗೇ ಹೇಳಿದ್ದೆ" ಎಂದೆ. ಯಾರೋ ನಿನ್ನ ಹೆಂಡತಿ ಮಂಗಳಳ ತವರು ಪಿರಿಯಾಪಟ್ಟಣ ತಾಲ್ಲೂಕಿನ ರಾವಂದೂರಿನ ಕಡೆ ಎಂಬುದನ್ನು ನೆನಪು ಮಾಡಿದರು. ಇನ್ಯಾರೋ ಅವಳ ಅಣ್ಣ ಅಲ್ಲಿನ ಲೀಡರುಗಳ ಜೊತೆ ಓಡಾಡುತ್ತಾನೆ ಎಂದರು. ಮುಗಿಯಿತು. ನೀನು ಮಾರಿಕೊಂಡವನಾದೆ.

ನಿನ್ನ ಅಂಗಡಿಗೆ ಬಟ್ಟೆ ಕೊಡುವುದನ್ನು ಜನ ನಿಲ್ಲಿಸಿದರು. ನಿನ್ನ ಮನೆಯ ಹಾಲು ತೆಗೆದುಕೊಳ್ಳಬಾರದೆಂದು ಗೌಡರು ಹೇಳಿ ಕಳಿಸಿದರು. ಅದನ್ನು ಮಂಗಳಳಿಗೆ ಹೇಳಬೇಕಾದವಳು ನಾನೇ. ಅವಳು ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದಳು. "ನಿಮ್ ಹಾಲು ಬ್ಯಾಡ ಅಂದವ್ರೆ" ಎಂದೆ. ಅವಳು ಜಗಳವಾಡಲಿಲ್ಲ. "ಅಕ್ಕ, ಒಂದ್ಸಲ ನನ್ ಮಕ ನೋಡ್ಕೊಂಡು ಹೇಳು" ಎಂದಳು. ನಾನು ಹಿಂದೆ ನಿಂತಿದ್ದವಳ ಹಾಲಿಗೆ ಲ್ಯಾಕ್ಟೋಮೀಟರ್ ಇಳಿಬಿಟ್ಟೆ.

ಮಳೆಗಾಲ ಮುಗಿಯುವ ಮೊದಲೇ ನೀವು ಮಿಷನ್ನು, ಪಾತ್ರೆ ಪಡಗ, ಇಬ್ಬರು ಮಕ್ಕಳನ್ನು ಟೆಂಪೋಗೆ ಹಾಕಿಕೊಂಡು ಎಚ್.ಡಿ. ಕೋಟೆ ಕಡೆ ಹೋದಿರಿ. ಅಲ್ಲಿನ ಹ್ಯಾಂಡ್‌ಪೋಸ್ಟ್ ಪೇಟೆಯಲ್ಲಿ ಅಂಗಡಿ ಇಟ್ಟಿದ್ದೀಯ ಎಂದು ಆಮೇಲೆ ಕೇಳಿದೆ.

ಹಳ್ಳಿಗಳು ಪಿರಿಯಾಪಟ್ಟಣಕ್ಕೆ ಸೇರಿದವು. ದಾಸೇಗೌಡರಿಗೆ ಟಿಕೆಟ್ ಸಿಗಲಿಲ್ಲ. ಹಟಕ್ಕೆ ಬಿದ್ದು ಹುಣಸೂರಿನಲ್ಲೇ ಪಕ್ಷೇತರರಾಗಿ ನಿಂತರು, ಠೇವಣಿ ಕಳೆದುಕೊಂಡರು. ನಾನು ಒಳ್ಳೆಯವಳಂತೆ ಬರೆಯಲಾರೆ — ಎಣಿಕೆಯ ದಿನ ನಾನು ಕೋಳಿ ಸಾರು ಮಾಡಿ ಕುಮಾರನಿಗೆ ಎಡೆ ಇಟ್ಟೆ. ಪಿತೃಪಕ್ಷವಲ್ಲ, ಹಬ್ಬವಲ್ಲ. "ಉಣ್ಣು ಕಣೋ, ಅವನು ಮಣ್ಣು ಮುಕ್ಕಿದ" ಎಂದೆ. ಅಷ್ಟು ರುಚಿಯಾದ ಊಟವನ್ನು ನಾನು ಆಮೇಲೆ ಉಂಡಿಲ್ಲ. ನಾಲಿಗೆಯಿಂದ ಸುಳ್ಳು ಹೇಳಿಸಿ ಹೇಳಿಸಿ ಸಾಕಾಗಿದೆ, ಇದನ್ನಾದರೂ ನಿಜವಾಗಿ ಹೇಳುತ್ತೇನೆ: ದಾಸೇಗೌಡರು ಸೋತದ್ದಕ್ಕೆ ನನಗೆ ಇವತ್ತಿಗೂ ಕನಿಕರವಿಲ್ಲ.

ಆದರೆ ಗೆರೆ ಅವರೊಬ್ಬರ ಮೇಲೆ ಬೀಳಲಿಲ್ಲವಲ್ಲ. ಹಳ್ಳದ ಸೇತುವೆ ಕುಸಿದಾಗ ಪಿರಿಯಾಪಟ್ಟಣಕ್ಕೆ ಹೋದರೆ "ನಿಮ್ದು ಹುಣಸೂರು ತಾಲ್ಲೂಕಲ್ವಾ?" ಎಂದರು. ಹುಣಸೂರಿಗೆ ಹೋದರೆ "ನಿಮ್ ಎಮ್ಮೆಲ್ಲೆ ಕಡೆಯಿಂದ ಹೇಳ್ಸಿ" ಎಂದರು. ವರ್ಷಗಟ್ಟಲೆ ಹೆಂಗಸರು ಹಾಲಿನ ಕ್ಯಾನು ಹೊತ್ತು ಹಳ್ಳದೊಳಗೆ ಇಳಿದು ಹತ್ತಿ ಬಂದರು. ಒಬ್ಬೊಬ್ಬರೂ ಏದುಸಿರು ಬಿಡುತ್ತ ನಿನ್ನ ಹೆಸರು ಹಿಡಿದು ಶಪಿಸುತ್ತಿದ್ದರು. ನಾನು ಹಾಲು ಅಳೆಯುತ್ತಿದ್ದೆ.

ಒಂದು ಸಲ ಹ್ಯಾಂಡ್‌ಪೋಸ್ಟಿಗೆ ಬಂದಿದ್ದೆ, ನೆನಪಿದೆಯಾ? ಸರಗೂರಿಗೆ ಮದುವೆಗೆ ಹೋಗುತ್ತಿದ್ದೇನೆ ಎಂದೆ. ಮದುವೆ ಇರಲಿಲ್ಲ. ಹೇಳಬೇಕೆಂದೇ ಬಂದಿದ್ದೆ. ನೀನು ಸ್ಟೂಲ್ ಕೊಟ್ಟೆ, ಟೀ ತರಿಸಿದೆ. ನಿನ್ನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ನೀನು ಹಳೇ ಪ್ಯಾಂಟಿಗೆ ಜಿಪ್ ಹಾಕುತ್ತ, "ನಿನ್ಗೂ ಆವತ್ತು ಸರಿಯಾಗ್ ಕೇಳಿಸ್ಲಿಲ್ವೇನೋ ಬುಡವ್ವ, ಫೋನು ಅಂಗೇ ಇರ್ತಿತ್ತು" ಎಂದೆ. ನಾನು ಕೇಳುವ ಮೊದಲೇ ನೀನು ನನಗೊಂದು ನೆಪ ಕೊಟ್ಟೆ. ನಾನು — ತೆಗೆದುಕೊಂಡೆ. ಟೀ ಕುಡಿದು ಬಸ್ಸು ಹತ್ತಿದೆ.

ಈಗ ಮತ್ತೆ ಕ್ಷೇತ್ರಗಳ ಗೆರೆ ಬದಲಾಗುತ್ತದೆ ಎಂಬ ಮಾತು ಎಲ್ಲ ಕಡೆ ಇದೆ. ಹೋದ ವಾರ ದಾಸೇಗೌಡರು ನಮ್ಮ ಮನೆಗೆ ಬಂದಿದ್ದರು. ಕೋಲು ಹಿಡಿದಿದ್ದಾರೆ, ಒಂದು ಕಣ್ಣು ಮಂಜು. ಮಗನನ್ನು ಹುಣಸೂರಿನಿಂದ ನಿಲ್ಲಿಸುವ ಆಸೆ.

"ಹಳ್ಳಿಗಳ್ನ ವಾಪಸ್ ತರ್ಬೇಕು ಜಯಮ್ಮ. ಈ ಸಲ ನೀನೇ ಮುಂದೆ ನಿಂತು ಮಾತಾಡ್ಬೇಕು. ಆವತ್ತು ಆ ರಾಜ ನನ್ನ ಕುತ್ತಿಗೆ ಕುಯ್ದ."

"ಕುಯ್ದೋಳು ನಾನು ಗೌಡ್ರೇ" ಎಂದೆ.

ಅವರಿಗೆ ಅರ್ಥವಾಗಲಿಲ್ಲ. ಇನ್ನೊಂದು ಸಲ ಹೇಳಿದೆ. ಫೋನು, ಅಂಗಡಿ, ಲಾರಿ — ಎಲ್ಲ ಹೇಳಿದೆ. ಎಷ್ಟು ವರ್ಷದಿಂದ ಮನಸ್ಸಿನಲ್ಲಿ ಆಡಿಕೊಂಡಿದ್ದ ಮಾತು! ಅವರ ಮುಖ ಕಪ್ಪಾಗುವುದನ್ನು ನಾನು ಕಣ್ತುಂಬ ನೋಡಿದೆ.

"ಯಾಕವ್ವ? ನಿಂಗೇನ್ ಮಾಡಿದ್ದೆ ನಾನು?"

"ನಂಗಲ್ಲ, ಕುಮಾರಂಗೆ."

"ಯಾವ ಕುಮಾರ?"

"ನನ್ ತಮ್ಮ. ಸ್ಟೇಷನ್ನಲ್ಲಿ ಗೊತ್ತಿಲ್ಲ ಅಂದ್ರಲ್ಲ."

ಅವರು ಬಹಳ ಹೊತ್ತು ನೆನಪು ಮಾಡಿಕೊಳ್ಳಲು ನೋಡಿದರು. ನಾಟಕವಲ್ಲ, ನಾನು ಬಲ್ಲೆ. ಕೊನೆಗೆ ಮಗುವಿನಂತೆ ಕೇಳಿದರು — "ನಿಂಗೊಬ್ಬ ತಮ್ಮ ಇದ್ನೇನವ್ವ?"

ಇಷ್ಟು ವರ್ಷ ನಾನು ಸೇಡು ತೀರಿಸಿಕೊಂಡೆನೆಂದು ತಿಳಿದಿದ್ದೆ, ರಾಜಣ್ಣ. ಯಾಕೆ ಪೆಟ್ಟು ಬಿತ್ತೆಂದೇ ತಿಳಿಯದವನಿಗೆ ಅದು ಯಾವ ಸೇಡು? ಅವರು ಕುಮಾರನನ್ನು ಹೀಗೆ ಎರಡನೆಯ ಸಲ ಇಲ್ಲವಾಗಿಸಿದರು, ನನ್ನ ಹಗೆ ಮತ್ತೆ ಹೊತ್ತಿಕೊಂಡಿತು — ಆದರೆ ಆ ಬೆಂಕಿಯಲ್ಲಿ ಬೆಂದವರು ಅವರಲ್ಲ. ಮಿಷನ್ ಹೊತ್ತು ಊರು ಬಿಟ್ಟವನು ನೀನು.

ನಿನ್ನೆ ಬೆಳಿಗ್ಗೆ ಡೈರಿಯಲ್ಲಿ ಎಲ್ಲರ ಮುಂದೆ ಹೇಳಿದೆ. ಯಾರೂ ಕೂಗಾಡಲಿಲ್ಲ. ಒಬ್ಬ ಮುದುಕಿ ಮಾತ್ರ, "ಅಯ್ಯೋ, ಆ ಮಂಗಳಿ ಹಾಲನ್ನ ವಾಪಸ್ ಕಳಿಸ್ದೋಳೂ ನೀನೇ ಅಲ್ವೇನೇ" ಎಂದಳು. ಹೌದು ಎಂದೆ. ಸೆಕ್ರೆಟರಿ ಕೆಲಸ ಬಿಟ್ಟಿದ್ದೇನೆ. ಬಿಡಿಸುವ ಮೊದಲೇ ಬಿಟ್ಟೆ ಎಂದು ಹೆಚ್ಚುಗಾರಿಕೆ ಹೇಳಿಕೊಳ್ಳಲಾರೆ, ಅವರು ಹೇಗೂ ಬಿಡಿಸುತ್ತಿದ್ದರು.

ಮತ್ತೆ ಸಭೆ ಕರೆದರೆ, ಊರಿನ ಪರವಾಗಿ ಮಾತನಾಡಲು ನಿನ್ನನ್ನು ಕೇಳಬೇಕೆಂದು ಕೆಲವರು ಅನ್ನುತ್ತಿದ್ದಾರೆ. ನೀನು ಬರಬೇಕಾಗಿಲ್ಲ. ಬಾ ಎಂದು ಕೇಳುವ ಮುಖ ಈ ಊರಿಗಿಲ್ಲ, ನನಗಂತೂ ಇಲ್ಲ.

ಭಾನುವಾರ ನಿನ್ನ ಅಂಗಡಿಗೆ ಬರುತ್ತೇನೆ. ಟೀ ತರಿಸಬೇಡ, ಸ್ಟೂಲ್ ಕೊಡಬೇಡ. ಮಂಗಳ ಇರಲಿ, ನಿನ್ನ ಮಕ್ಕಳೂ ಇರಲಿ. ಅವರ ಅಪ್ಪ ಯಾರನ್ನೂ ಮಾರಲಿಲ್ಲ ಎಂದು ಅವರ ಮುಖ ನೋಡಿಕೊಂಡು ಹೇಳಬೇಕು. ಆಮೇಲೆ ಮಂಗಳ ಏನು ಹೇಳಿದರೂ ನಿಂತು ಕೇಳುತ್ತೇನೆ.