ಲುಪಿನ್ ಕಡ್ಡಿಯ ಬೆಂಕಿ

ವಿಸ್ಕಾನ್ಸಿನ್‌ನ ಆ ಮರಳುನೆಲದ ಊರಿನಲ್ಲಿ ಬರ್ನಡೀನ್ ಕುಲಾಸ್ ಮೂವತ್ತೊಂದು ವರ್ಷ ರಸ್ತೆಬದಿಯ ಹುಲ್ಲು ಕತ್ತರಿಸುವ ಟ್ರ್ಯಾಕ್ಟರ್ ಓಡಿಸಿದಳು. ಹೆಂಗಸು ಇದನ್ನೇನು ಓಡಿಸುತ್ತಾಳೆ ಎಂದು ಮೊದಲ ವಾರ ಹಲ್ಲು ಕಿರಿದವರು ಎರಡನೇ ವಾರ ಬಾಯಿ ಮುಚ್ಚಿಕೊಂಡರು. ಅವಳ ನಾಲಿಗೆ ಹಾಗಿತ್ತು. ಅವಳು ಬ್ಲೇಡು ಮೇಲೆತ್ತಿಕೊಂಡು ದಾಟುತ್ತಿದ್ದದ್ದು ಒಂದೇ ಕಡೆ, ಚರ್ಚಿನ ಎದುರು ನೀಲಿ ಹೂ ಬಿಡುವ ಲುಪಿನ್ ಗಿಡಗಳಿದ್ದ ತುಂಡುನೆಲದಲ್ಲಿ.

ಅಲ್ಲಿ ಹೆಬ್ಬೆರಳ ಉಗುರಿನಷ್ಟೇ ಇರುವ ನೀಲಿ ಚಿಟ್ಟೆಗಳಿದ್ದವು. ಗಂಡಿನ ರೆಕ್ಕೆ ಅಚ್ಚ ನೀಲಿ, ಸುತ್ತ ತೆಳ್ಳನೆ ಕಪ್ಪು ಗೆರೆ, ಅದರಾಚೆ ಬಿಳಿ ಅಂಚು. ಹೆಣ್ಣು ಸ್ವಲ್ಪ ಮಂಕು, ಅಂಚಿನಲ್ಲಿ ಕಿತ್ತಳೆ ಬೊಟ್ಟು. ಈ ಚಿಟ್ಟೆಯ ಮೊಟ್ಟೆಯೊಡೆದು ಬರುವ ಹಸಿರು ಹುಳು ಲುಪಿನ್ ಎಲೆ ಬಿಟ್ಟು ಬೇರೇನನ್ನೂ ಮೂಸುವುದಿಲ್ಲ. ಅದು ಕೊಡುವ ಸಿಹಿಹನಿಗಾಗಿ ಇರುವೆಗಳು ಅದನ್ನು ಕಾಯುತ್ತವೆ. ಮೇ ಕೊನೆಗೆ ಒಂದು ತಲೆಮಾರು ಹಾರುತ್ತದೆ, ಜುಲೈಗೆ ಅದರ ಮಕ್ಕಳು. ಆ ಮಕ್ಕಳಿಟ್ಟ ಮೊಟ್ಟೆ ಒಣಗಿದ ಲುಪಿನ್ ಕಡ್ಡಿಗೆ ಅಂಟಿಕೊಂಡು, ಹಿಮದಡಿ ಚಳಿಗಾಲ ಕಳೆದು, ಏಪ್ರಿಲ್‌ನಲ್ಲಿ ಒಡೆಯುತ್ತದೆ. ನೋಡುವವರಿಗೆ ಅದು ಬರೀ ಕಸ.

ನಿವೃತ್ತಿಯ ದಿನ ಅವಳು ಟ್ರ್ಯಾಕ್ಟರಿನ ಕೀಲಿಯನ್ನು ಊರಿನ ಅಧ್ಯಕ್ಷ ರಸೆಲ್‌ಗೆ ಕೊಟ್ಟಳು. ಅವನು ಅವಳ ಚಿಕ್ಕಪ್ಪನ ಮಗನೇ. ಬೇರೆಲ್ಲಿ ಏನಾದರೂ ಮಾಡಿಕೊ, ಆ ಒಣಕಡ್ಡಿ ಮಾತ್ರ ಮುಟ್ಟಬೇಡ, ಮುಟ್ಟಿದರೆ ಬರುವ ವರ್ಷ ಚಿಟ್ಟೆಯೇ ಇರುವುದಿಲ್ಲ ಎಂದು ಎರಡೆರಡು ಸಲ ಹೇಳಿದಳು. ಅವನು ತಲೆಯಾಡಿಸಿದ. ತಲೆಯಾಡಿಸುವುದಕ್ಕೇನು ಕಷ್ಟ!

ಅದೇ ವರ್ಷ ಆಗಸ್ಟ್ ಕೊನೆಯ ಒಂದು ಮಧ್ಯಾಹ್ನ ಆ ತುಂಡುನೆಲದಲ್ಲಿ ‘ನೀಲಿ ಚಿಟ್ಟೆಯ ಮನೆ’ ಎಂಬ ದೊಡ್ಡ ಮರದ ಫಲಕ ನಿಲ್ಲಿಸಿದರು. ತಂಗಿಯ ಊರಿಗೆ ಹೋಗಿದ್ದ ಬರ್ನಡೀನ್ ಬರುವಷ್ಟರಲ್ಲಿ ಭಾಷಣ ಮುಗಿದು, ಜನ ಚರ್ಚಿನಂಗಳದ ಬೆಂಕಿಯಲ್ಲಿ ಸಾಸೇಜು ಸುಡುತ್ತಿದ್ದರು. ರಸೆಲ್ ಒಂದನ್ನು ಬ್ರೆಡ್ಡಿಗಿಟ್ಟು ಅವಳ ಕೈಗೆ ಕೊಟ್ಟ. ಒಂದು ಕಚ್ಚು ಕಚ್ಚಿ ಅವಳು ಫಲಕದ ಕಡೆ ತಿರುಗಿದಳು. ಅದರ ಹಿಂದಿನ ನೆಲ ಬೋಳಿಸಿದ ತಲೆಯ ಹಾಗಿತ್ತು. ಕಡ್ಡಿಗಳೆಲ್ಲಿ ಎಂದು ಕೇಳಿದಳು.

“ಗಲೀಜಾಗಿ ಕಾಣ್ತಿತ್ತಕ್ಕ, ಫೋಟೊಗೆ ಚೆನ್ನಾಗಿರಲ್ಲ ಅಂತ ತೆಗೆಸ್ದೆ. ನೋಡು, ಎಷ್ಟು ಚೆನ್ನಾಗಿ ಉರೀತಿದೆ.”

ಬಾಯಲ್ಲಿದ್ದ ತುತ್ತನ್ನು ಅವಳು ಅಲ್ಲೇ ಉಗುಳಿದಳು. ಪಾದ್ರಿಯ ಎದುರೇ ರಸೆಲ್‌ನ ಜನ್ಮ ಜಾಲಾಡಿದಳು. ಬೇರು ಇದೆಯಲ್ಲ, ಗಿಡ ಮತ್ತೆ ಬರುತ್ತದೆ ಎಂದು ಅವನು ನಕ್ಕ.

ಗಿಡ ಬಂತು. ಹೂವೂ ಬಂತು, ಫಲಕದ ಸುತ್ತ ನೀಲಿಯೋ ನೀಲಿ. ಏಪ್ರಿಲ್‌ನಿಂದ ಅವಳು ದಿನಾ ಹೋಗಿ ಮೊಣಕಾಲೂರಿ ಎಲೆ ಎಲೆ ತಿರುಗಿಸಿ ನೋಡಿದಳು. ಒಂದೆಲೆಗೂ ಹುಳು ಬಾಯಿ ಹಾಕಿರಲಿಲ್ಲ. ಇರುವೆಗಳು ಬರಿದೇ ಹತ್ತಿ ಇಳಿಯುತ್ತಿದ್ದವು. ಮೇ ಮುಗಿದರೂ ಒಂದು ಚಿಟ್ಟೆಯೂ ಮೇಲೇಳಲಿಲ್ಲ.

ಜೂನ್ ಮೊದಲ ಭಾನುವಾರ ಅವಳು ಸ್ಪಾನರ್ ತಂದು ಫಲಕದ ನಾಲ್ಕೂ ಬೋಲ್ಟು ಬಿಚ್ಚಿದಳು. ಪಿಕಪ್ಪಿಗೆ ಹೇರಿಕೊಂಡು ಹೋಗಿ, ಜಗುಲಿಯಲ್ಲಿ ಕಾಫಿ ಕುಡಿಯುತ್ತಿದ್ದ ರಸೆಲ್‌ನ ಕಾಲಬುಡಕ್ಕೆ ಅದನ್ನು ಎಸೆದಳು.

“ತಗೋ, ಇದನ್ನೂ ಬೆಂಕಿಗೆ ಹಾಕು. ಚೆನ್ನಾಗಿ ಉರಿಯತ್ತೆ.”